ಮೊಟ್ಟೆ, ಹಾಲು, ಬೆಣ್ಣೆ ಇಲ್ಲದ ಚಾಕೊಲೆಟ್ ಕೇಕ್: ಅಳತೆ ತಪ್ಪದಿರಲಿ, ಹಿಟ್ಟು ಕಾಯದಿರಲಿ

ಮೊಟ್ಟೆ ಬೇಡ ಎಂದಾಗ ನಮ್ಮಲ್ಲಿ ಹೆಚ್ಚಿನವರು ಮೊಸರನ್ನೋ ಕಂಡೆನ್ಸ್ಡ್ ಮಿಲ್ಕನ್ನೋ ಹಾಕಿ ಕೇಕ್ ಮಾಡುತ್ತಾರೆ. ಆದರೆ ಹಾಲಿನ ಅಲರ್ಜಿ ಇರುವ ಮಕ್ಕಳಿಗೆ, ವೀಗನ್ ಆಹಾರ ಪಾಲಿಸುವವರಿಗೆ ಅದೂ ಆಗದು. ಅವರಿಗೆ ಒಗ್ಗುವ ಕೇಕ್ ಅಮೆರಿಕದಲ್ಲಿದೆ. ಅಲ್ಲಿ ಅದಕ್ಕೆ ವ್ಯಾಕಿ ಕೇಕ್ ಎನ್ನುತ್ತಾರೆ. 1930ರ ದಶಕದ ಆರ್ಥಿಕ ಕುಸಿತ, ನಂತರದ ಎರಡನೇ ಮಹಾಯುದ್ಧದ ಕಾಲದ ಅಡುಗೆಮನೆಗಳ ಜೊತೆ ಇದರ ಹೆಸರು ಸೇರಿಕೊಂಡಿದೆ. 1943ರಲ್ಲಿ ಅಲ್ಲಿ ಬೆಣ್ಣೆಗೂ ರೇಷನ್ ಬಂದಿತ್ತು. ಮೈದಾ, ಸಕ್ಕರೆ, ಕೋಕೋ, ಎಣ್ಣೆ, ನೀರು, ಸೋಡಾ, ವಿನೆಗರ್ ಇದ್ದರೆ ಈ ಕೇಕ್ ಆಗುತ್ತದೆ. ಬೀಟರ್ ಬೇಕಿಲ್ಲ. ಬೇಕಾಗಿರುವುದು ಸರಿಯಾದ ಅಳತೆ, ಮತ್ತು ಹಿಟ್ಟು ಕಲಸಿದ ಕೂಡಲೇ ಬೇಯಲು ಇಡುವ ಚುರುಕು.

ಅಳತೆ

7 ಇಂಚಿನ ದುಂಡು ಟಿನ್‌ಗೆ (ಎತ್ತರ 2 ಇಂಚಾದರೂ ಇರಲಿ) ಲೆಕ್ಕ ಹೀಗಿದೆ: ಮೈದಾ 190 ಗ್ರಾಂ, ಸಕ್ಕರೆ 200 ಗ್ರಾಂ, ಸಿಹಿ ಇಲ್ಲದ ಕೋಕೋ ಪುಡಿ 25 ಗ್ರಾಂ, ಅಡುಗೆ ಸೋಡಾ ಮುಕ್ಕಾಲರಿಂದ ಒಂದು ಟೀ ಚಮಚ, ಉಪ್ಪು ಅರ್ಧ ಟೀ ಚಮಚ, ನೀರು 240 ಮಿ.ಲೀ., ವಾಸನೆಯಿಲ್ಲದ ಎಣ್ಣೆ 80 ಮಿ.ಲೀ., ಬಿಳಿ ವಿನೆಗರ್ 15 ಮಿ.ಲೀ. (ಒಂದು ದೊಡ್ಡ ಚಮಚ), ವೆನಿಲ್ಲಾ ಎಸೆನ್ಸ್ ಒಂದು ಟೀ ಚಮಚ. 8 ಇಂಚಿನ ಟಿನ್ನೂ ಆಗುತ್ತದೆ, ಕೇಕ್ ಸ್ವಲ್ಪ ತೆಳುವಾಗುತ್ತದೆ ಅಷ್ಟೆ.

ತಕ್ಕಡಿ ಇದ್ದರೆ ದಯವಿಟ್ಟು ತೂಗಿಯೇ ಹಾಕಿ. ಮೈದಾವನ್ನು ಚಮಚದಿಂದ ಸಡಿಲವಾಗಿ ಕಪ್ಪಿಗೆ ತುಂಬಿದರೆ ಸುಮಾರು 125 ಗ್ರಾಂ ಬರುತ್ತದೆ. ಅದೇ ಕಪ್ಪನ್ನು ಡಬ್ಬಿಯೊಳಗೆ ಅದ್ದಿ ಒತ್ತಿ ತೆಗೆದರೆ 150 ಗ್ರಾಂ ದಾಟುತ್ತದೆ. ಈ ಕೇಕಿಗೆ ಬೇಕಾದ ಒಂದೂವರೆ ಕಪ್ಪಿಗೆ ಸುಮಾರು 40 ಗ್ರಾಂ ವ್ಯತ್ಯಾಸ! ಕೇಕ್ ಒಣಗಿ ಪುಡಿಯಾಯಿತು ಎಂಬ ದೂರಿನ ಮೂಲ ಬಹಳ ಸಲ ಇಲ್ಲೇ ಇರುತ್ತದೆ. ತಕ್ಕಡಿ ಇಲ್ಲದವರು 240 ಮಿ.ಲೀ. ಅಳತೆಯ ಕಪ್ ಬಳಸಿ, ಚಮಚದಿಂದ ತುಂಬಿ, ಚಾಕುವಿನ ಬೆನ್ನಿನಿಂದ ಮಟ್ಟ ಮಾಡಿ. ಮನೆಯ ಕಾಫಿ ಲೋಟ ಅಳತೆಗೆ ಬೇಡ.

ಕೋಕೋ ಕೊಳ್ಳುವಾಗ ಪೊಟ್ಟಣದ ಹಿಂಬದಿ ಓದಿ. ಡ್ರಿಂಕಿಂಗ್ ಚಾಕೊಲೆಟ್ ಎಂದು ಬರುವ ಪುಡಿಯಲ್ಲಿ ಹೆಚ್ಚಿನ ಪಾಲು ಸಕ್ಕರೆಯೇ ಇರುತ್ತದೆ. ಅದನ್ನು ಹಾಕಿದರೆ ಬಣ್ಣವೂ ಬರುವುದಿಲ್ಲ, ರುಚಿಯೂ ಇಲ್ಲ. ಕೋಕೋ ನಮಗೆ ದೂರದ ಬೆಳೆಯೇನಲ್ಲ. ದಕ್ಷಿಣ ಕನ್ನಡದ ಅಡಿಕೆ ತೋಟಗಳ ನೆರಳಲ್ಲಿ ಅದು ಬೆಳೆಯುತ್ತದೆ, ಪುತ್ತೂರಿನಲ್ಲಿ ಕ್ಯಾಂಪ್ಕೊ ಚಾಕೊಲೆಟ್ ಕಾರ್ಖಾನೆ 1986ರಿಂದ ಇದೆ.

ಹಾಲಿನ ಅಲರ್ಜಿ ಇರುವವರಿಗಾಗಿ ಮಾಡುತ್ತಿದ್ದರೆ ಇನ್ನೊಂದು ಎಚ್ಚರಿಕೆ: ಪೊಟ್ಟಣದ ಮೇಲಿನ ಹಸಿರು ಚುಕ್ಕಿ ನಂಬಿ ಕೂರಬೇಡಿ. ಹಾಲಿರುವ ತಿನಿಸಿಗೂ ಹಸಿರು ಚುಕ್ಕಿಯೇ ಇರುತ್ತದೆ. ಅಲರ್ಜಿ ಕುರಿತ ಸೂಚನೆಯಲ್ಲಿ ಹಾಲಿನ ಹೆಸರಿದೆಯೇ ಎಂದು ನೋಡಬೇಕು.

ಸೋಡಾ ಮಾಡುವ ಕೆಲಸ

ಮೊಟ್ಟೆಯಿಲ್ಲದ ಮೇಲೆ ಕೇಕ್ ಉಬ್ಬುವುದು ಹೇಗೆ? ಸೋಡಾಕ್ಕೆ ವಿನೆಗರ್ ತಾಗಿದ ಕ್ಷಣವೇ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಹಿಟ್ಟಿನೊಳಗೆ ಸಿಕ್ಕಿಕೊಂಡ ಆ ಗುಳ್ಳೆಗಳು ಬಿಸಿಗೆ ಹಿಗ್ಗುತ್ತವೆ. ಆದರೆ ಒಂದು ಟೀ ಚಮಚ ಸೋಡಾ ಪೂರ್ತಿ ಕರಗಿ ಕೆಲಸ ಮಾಡಬೇಕಾದರೆ ಸುಮಾರು ಆರು ದೊಡ್ಡ ಚಮಚ ವಿನೆಗರ್ ಬೇಕು. ನಾವು ಹಾಕುವುದು ಒಂದೇ. ಉಳಿದ ಸೋಡಾದಲ್ಲಿ ಸ್ವಲ್ಪ ಭಾಗ ಕೋಕೋದ ಹುಳಿಗೆ ಖರ್ಚಾಗುತ್ತದೆ, ಮಿಕ್ಕದ್ದು ಓವನ್ನಿನ ಕಾವಿಗೆ ಒಡೆದು ಇನ್ನೊಂದಿಷ್ಟು ಗಾಳಿ ಕೊಡುತ್ತದೆ. ಹೀಗೆ ಕಾವಿಗೆ ಒಡೆದ ಸೋಡಾ ಕ್ಷಾರವನ್ನು ಬಿಟ್ಟುಹೋಗುತ್ತದೆ. ಈ ಕೇಕಿನ ಗಾಢ ಬಣ್ಣಕ್ಕೆ ಅದೂ ಒಂದು ಕಾರಣ. ಅದು ಅತಿಯಾದರೆ ಬಾಯಲ್ಲಿ ಸಾಬೂನಿನ ರುಚಿ ಉಳಿಯುತ್ತದೆ. ಹಾಗಾಗಿ ಚೆನ್ನಾಗಿ ಉಬ್ಬಲಿ ಎಂದು ಸೋಡಾ ಹೆಚ್ಚಿಸುವುದು ತಪ್ಪು ಲೆಕ್ಕ.

ಊರಿನ ಎತ್ತರವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಮಂಗಳೂರು, ಉಡುಪಿ, ಕಾರವಾರದಲ್ಲಿ ಒಂದು ಟೀ ಚಮಚ ಸೋಡಾ ಸರಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಮಡಿಕೇರಿ 1,100 ಮೀಟರಿಗೂ ಹೆಚ್ಚು. ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ, ಗುಳ್ಳೆ ಬೇಗ ಹಿಗ್ಗುತ್ತದೆ. ಹಿಟ್ಟು ಗಟ್ಟಿಯಾಗುವ ಮೊದಲೇ ಗುಳ್ಳೆ ಒಡೆದರೆ ಕೇಕಿನ ನಡು ಕುಸಿಯುತ್ತದೆ. ಅಲ್ಲಿ ಮುಕ್ಕಾಲು ಚಮಚವೇ ಸಾಕು.

ಸೋಡಾ ಹಳೆಯದಾಗಿದೆಯೇ ಎಂದು ತಿಳಿಯಲು ಅರ್ಧ ಚಮಚಕ್ಕೆ ನಾಲ್ಕು ಹನಿ ವಿನೆಗರ್ ಹಾಕಿ. ಬುರುಬುರು ನೊರೆ ಬಾರದಿದ್ದರೆ ಹೊಸ ಪೊಟ್ಟಣ ತನ್ನಿ. ವಿನೆಗರ್ ಇಲ್ಲದಿದ್ದರೆ ಅಷ್ಟೇ ಅಳತೆಯ ನಿಂಬೆರಸ ನಡೆಯುತ್ತದೆ. ಬೆಂದ ಮೇಲೆ ಎರಡರ ಹುಳಿಯೂ ತಿಳಿಯುವುದಿಲ್ಲ.

ಮಾಡುವ ಕ್ರಮ

ಮೊದಲು ಓವನ್, ಆಮೇಲೆ ಹಿಟ್ಟು. ಓಟಿಜಿಯನ್ನು (ಓವನ್-ಟೋಸ್ಟರ್-ಗ್ರಿಲ್) 180 ಡಿಗ್ರಿ ಸೆಲ್ಸಿಯಸ್‌ಗೆ ಇಟ್ಟು, ಮೇಲಿನ ಕೆಳಗಿನ ಎರಡೂ ರಾಡ್ ಹಾಕಿ, 10-15 ನಿಮಿಷ ಕಾಯಿಸಿ. ಕನ್ವೆಕ್ಷನ್ ಮೈಕ್ರೋವೇವ್ ಆದರೆ 170 ಸಾಕು, ಅದರೊಳಗೆ ಫ್ಯಾನ್ ಇರುವುದರಿಂದ ಶಾಖ ಜೋರಾಗಿ ತಾಗುತ್ತದೆ. ಅಷ್ಟರೊಳಗೆ ಟಿನ್ನಿಗೆ ಎಣ್ಣೆ ಸವರಿ, ತಳಕ್ಕೆ ದುಂಡಗೆ ಕತ್ತರಿಸಿದ ಬಟರ್ ಪೇಪರ್ ಹಾಸಿ, ಬದಿಗೆ ಚಿಟಿಕೆ ಕೋಕೋ ಉದುರಿಸಿ. ಮೈದಾ ಉದುರಿಸಿದರೆ ಕಪ್ಪು ಕೇಕಿನ ಮೇಲೆ ಬಿಳಿ ಕಲೆ ಉಳಿಯುತ್ತದೆ.

ನೀರನ್ನು ಬಿಸಿ ಮಾಡಿ, ಅದರಲ್ಲಿ ಕೋಕೋ ಪುಡಿಯನ್ನು ಗಂಟಿಲ್ಲದಂತೆ ಕದಡಿ. ಬಿಸಿನೀರಿನಲ್ಲಿ ನೆನೆದಾಗ ಕೋಕೋದ ಪರಿಮಳ ಬಿಚ್ಚಿಕೊಳ್ಳುತ್ತದೆ. ಈ 240 ಮಿ.ಲೀ.ನಲ್ಲಿ ಮೂರು ದೊಡ್ಡ ಚಮಚದಷ್ಟನ್ನು ಫಿಲ್ಟರ್ ಕಾಫಿ ಡಿಕಾಕ್ಷನ್ ಆಗಿಸಿಕೊಂಡರೆ ಇನ್ನೂ ಚೆನ್ನ. ಕಾಫಿಯ ರುಚಿ ಎದ್ದು ಬರುವುದಿಲ್ಲ, ಚಾಕೊಲೆಟ್ ರುಚಿ ಗಾಢವಾಗುತ್ತದೆ. ನಮ್ಮ ಮನೆಗಳಲ್ಲಿ ಡಿಕಾಕ್ಷನ್‌ಗೆ ಬರವಿಲ್ಲ, ಖಂಡಿತ ಹಾಕಿ ನೋಡಿ. ಸಕ್ಕರೆಯನ್ನೂ ಇದೇ ನೀರಿನಲ್ಲಿ ಕರಗಿಸಿ. ನಮ್ಮ ಅಂಗಡಿಗಳ ಸಕ್ಕರೆ ಹರಳು ದಪ್ಪ. ಕರಗದೆ ಉಳಿದರೆ ಕೇಕಿನ ಮೈಮೇಲೆ ಅಂಟು ಚುಕ್ಕಿಗಳಾಗುತ್ತವೆ. ಕರಗಿದ ಮೇಲೆ ಉಗುರು ಬೆಚ್ಚಗಾಗುವವರೆಗೆ ಕಾಯಿರಿ. ಆಮೇಲೆ ಎಣ್ಣೆ, ವೆನಿಲ್ಲಾ ಸೇರಿಸಿ. ಎಣ್ಣೆ ಸೂರ್ಯಕಾಂತಿಯದ್ದಾದರೆ ಒಳ್ಳೆಯದು. ಗಾಣದ ಕಡಲೆಕಾಯಿ ಎಣ್ಣೆ, ಕೊಬ್ಬರಿ ಎಣ್ಣೆಗಳ ವಾಸನೆ ಕೋಕೋವನ್ನೂ ಮೀರಿ ಬರುತ್ತದೆ.

ಇನ್ನೊಂದು ಅಗಲ ಪಾತ್ರೆಗೆ ಮೈದಾ, ಸೋಡಾ, ಉಪ್ಪನ್ನು ಎರಡು ಸಲ ಜರಡಿ ಹಿಡಿಯಿರಿ. ಒಂದು ಸಲ ಸಾಲದು. ಸೋಡಾದ ಸಣ್ಣ ಗಂಟು ಉಳಿದರೂ ಬೆಂದ ಕೇಕಿನಲ್ಲಿ ಕಂದು ಚುಕ್ಕಿಯಾಗಿ ನಿಂತು, ಕಚ್ಚಿದವರ ಬಾಯಿ ಕೆಡಿಸುತ್ತದೆ.

ಇನ್ನು ಮುಂದೆ ತಡ ಮಾಡುವಂತಿಲ್ಲ. ಓವನ್ ಕಾದಿದೆ, ಟಿನ್ ಸಿದ್ಧವಿದೆ ಎಂದು ಖಾತ್ರಿಯಾದ ಮೇಲೆಯೇ ಕೋಕೋ ನೀರನ್ನು ಮೈದಾಕ್ಕೆ ಸುರಿಯಿರಿ. ವಿಸ್ಕ್‌ನಿಂದ 20-30 ಸುತ್ತು ಕಲಸಿ, ಒಣ ಹಿಟ್ಟು ಕಾಣದಾದ ಕೂಡಲೇ ನಿಲ್ಲಿಸಿ. ಅಲ್ಲಲ್ಲಿ ಸಾಸಿವೆ ಗಾತ್ರದ ಗಂಟು ಉಳಿದರೂ ಚಿಂತೆಯಿಲ್ಲ. ಹಿಟ್ಟು ದೋಸೆ ಹಿಟ್ಟಿನಷ್ಟು ತೆಳು ಇರುತ್ತದೆ; ತೆಳುವಾಯಿತೆಂದು ಹೆದರಿ ಮೈದಾ ಸೇರಿಸಬೇಡಿ. ಕೊನೆಯಲ್ಲಿ ವಿನೆಗರ್ ಹಾಕಿ. ಹಾಕಿದ ಜಾಗದಲ್ಲಿ ಹಿಟ್ಟಿನ ಬಣ್ಣ ತುಸು ತಿಳಿಯಾಗಿ, ಸಣ್ಣ ಗುಳ್ಳೆಗಳು ಗುಂಪಾಗಿ ಏಳುತ್ತವೆ. ಸ್ಪ್ಯಾಚುಲಾದಿಂದ ತಳದಿಂದ ಮೇಲಕ್ಕೆ ಏಳೆಂಟು ಸಲ ಮಗುಚಿ, ಟಿನ್ನಿಗೆ ಸುರಿದು, ಒಂದು ಸಲ ಕಟ್ಟೆಗೆ ತಟ್ಟಿ ಓವನ್ನಿಗೆ ಇಡಿ. ವಿನೆಗರ್ ಹಾಕಿದ್ದರಿಂದ ಓವನ್ ಬಾಗಿಲು ಮುಚ್ಚುವವರೆಗೆ ಎರಡು ಮೂರು ನಿಮಿಷ ಮೀರದಿರಲಿ. ಹಿಟ್ಟು ಕಟ್ಟೆಯ ಮೇಲೆ ಕಾಲು ಗಂಟೆ ಕುಳಿತರೆ ಗಾಳಿ ಹೊರಟುಹೋಗಿ ಕೇಕ್ ಕಲ್ಲಾಗುತ್ತದೆ.

ಮಧ್ಯದ ತಟ್ಟೆಯಲ್ಲಿ 30-35 ನಿಮಿಷ ಬೇಯಲಿ. ಮೊದಲ 25 ನಿಮಿಷ ಬಾಗಿಲು ತೆಗೆಯಬೇಡಿ. ಮೊಟ್ಟೆ ಇಲ್ಲದ್ದರಿಂದ ಮೈದಾದ ಪಿಷ್ಟ ಬೆಂದು ಗಟ್ಟಿಯಾಗುವವರೆಗೆ ಈ ಕೇಕಿಗೆ ಆಧಾರವೇ ಇರುವುದಿಲ್ಲ. ತಣ್ಣನೆ ಗಾಳಿ ನುಗ್ಗಿದರೆ ನಡು ಕೂತುಬಿಡುತ್ತದೆ. ಟೂತ್‌ಪಿಕ್ ಚುಚ್ಚಿದಾಗ ಒಂದೆರಡು ತೇವದ ತುಣುಕು ಅಂಟಿಕೊಂಡು ಬಂದರೆ ಸರಿ, ಹಸಿ ಹಿಟ್ಟು ಬಂದರೆ ಇನ್ನೂ ಐದು ನಿಮಿಷ. ಬದಿ ಟಿನ್ನನ್ನು ಬಿಟ್ಟು ಕೂದಲೆಳೆಯಷ್ಟು ಸರಿದಿರುವುದೂ ಬೆಂದದ್ದರ ಗುರುತು.

ಓವನ್ ಇಲ್ಲದಿದ್ದರೆ

ದಪ್ಪ ತಳದ ಹಳೆಯ ಅಲ್ಯೂಮಿನಿಯಂ ಪಾತ್ರೆ ಅಥವಾ ಕಬ್ಬಿಣದ ಬಾಣಲೆಗೆ ಒಂದೂವರೆ ಕಪ್ ಪುಡಿ ಉಪ್ಪು ಹರಡಿ, ಮೇಲೆ ಸ್ಟೀಲ್ ಸ್ಟ್ಯಾಂಡ್ ಇಟ್ಟು, ಮುಚ್ಚಿ ಮಧ್ಯಮ ಉರಿಯಲ್ಲಿ 10 ನಿಮಿಷ ಕಾಯಿಸಿ. ಟಿನ್ ಇಟ್ಟ ಮೇಲೆ ಉರಿ ಸಣ್ಣದಾಗಿರಲಿ, 45-50 ನಿಮಿಷ ಬೇಕು. ಟಿನ್ನಿನ ಸುತ್ತ ಒಂದು ಬೆರಳಗಲ ಜಾಗ ಇರಲೇಬೇಕು, ಬಿಸಿಗಾಳಿ ತಿರುಗುವುದು ಅಲ್ಲೇ. ಮುಚ್ಚಳ ಗುಮ್ಮಟದಂತೆ ಉಬ್ಬಿದ್ದರೆ ಹಬೆಯ ನೀರು ಬದಿಗೆ ಇಳಿಯುತ್ತದೆ. ಚಪ್ಪಟೆ ತಟ್ಟೆ ಮುಚ್ಚಿದರೆ ಕೇಕಿನ ಮೇಲೆಯೇ ತೊಟ್ಟಿಕ್ಕುತ್ತದೆ. ನಾನ್‌ಸ್ಟಿಕ್ ಪಾತ್ರೆಯನ್ನು ಹೀಗೆ ಒಣಗಾಗಿ ಕಾಯಿಸಕೂಡದು, ಅದರ ಲೇಪ ಕೆಟ್ಟು ಹೊಗೆ ಬರುತ್ತದೆ. ಪ್ರೆಷರ್ ಕುಕ್ಕರ್ ಬಳಸುವವರು ಗ್ಯಾಸ್ಕೆಟ್, ವೆಯ್ಟ್ ಎರಡನ್ನೂ ತೆಗೆದಿಡಬೇಕು. ಆದರೂ ನೀರಿಲ್ಲದೆ ಮುಕ್ಕಾಲು ಗಂಟೆ ಕಾಯಿಸಿದರೆ ಒಳ್ಳೆಯ ಕುಕ್ಕರ್ ಹಾಳಾಗಬಹುದು, ಹಳೆಯ ಪಾತ್ರೆಯೇ ಮೇಲು. ಹೀಗೆ ಬೆಂದ ಕೇಕಿನ ಮೇಲ್ಮೈ ಓವನ್ನಿನದಕ್ಕಿಂತ ಮೆತ್ತಗಿರುತ್ತದೆ, ರುಚಿಗೆ ಕೊರತೆಯಿಲ್ಲ.

ಎಡವುವ ಜಾಗಗಳು

ಕೇಕ್ ರಬ್ಬರಿನಂತೆ ಎಳೆಯುತ್ತಿದೆ, ಕತ್ತರಿಸಿದಾಗ ಒಳಗೆ ಉದ್ದುದ್ದ ಸುರಂಗಗಳಿವೆ ಎಂದರೆ ಹಿಟ್ಟನ್ನು ಜಾಸ್ತಿ ಕಲಸಿದ್ದೀರಿ, ಮೈದಾದ ಅಂಟಾದ ಗ್ಲುಟನ್ ಬಿಗಿದಿದೆ. ಮಿಕ್ಸಿ, ಬೀಟರ್ ಎರಡೂ ಈ ಕೇಕಿಗೆ ಶತ್ರುಗಳು. ಮೇಲೆ ಗುಡ್ಡದಂತೆ ಎದ್ದು ಬಿರುಕು ಬಿಟ್ಟರೆ ಕಾವು ಹೆಚ್ಚಾಗಿದೆ. ಅಗ್ಗದ ಓಟಿಜಿಗಳ ಗುಂಡಿ ತೋರಿಸುವ ಡಿಗ್ರಿಗೂ ಒಳಗಿನ ಕಾವಿಗೂ ತಾಳೆಯಾಗದಿರುವುದು ಸಾಮಾನ್ಯ. ಓವನ್ ಥರ್ಮಾಮೀಟರ್ ಒಂದನ್ನು ಕೊಂಡರೆ ಊಹಿಸುವ ಕಷ್ಟ ಇರುವುದಿಲ್ಲ. ತಳದಲ್ಲಿ ಹಲ್ವದಂಥ ಪದರ ನಿಂತರೆ ಒಂದೋ ಓವನ್ ಕಾದಿರಲಿಲ್ಲ, ಇಲ್ಲವೇ ನೀರು ಹೆಚ್ಚಾಗಿದೆ.

ಎರಡು ಪಟ್ಟು ಹಿಟ್ಟನ್ನು ಒಂದೇ ಟಿನ್ನಿಗೆ ಸುರಿದು ಎತ್ತರದ ಕೇಕ್ ಮಾಡುವ ಆಸೆ ಬೇಡ. ಅಷ್ಟು ಭಾರ ಹೊರುವ ಮೊಟ್ಟೆ ಇದರಲ್ಲಿಲ್ಲ. ಎತ್ತರ ಬೇಕಿದ್ದರೆ ಎರಡು ಟಿನ್ನಿನಲ್ಲಿ ಬೇಯಿಸಿ ಒಂದರ ಮೇಲೊಂದು ಜೋಡಿಸಿ.

ತಣಿಸಿ, ಕತ್ತರಿಸಿ

ಹೊರತೆಗೆದ 10 ನಿಮಿಷದ ಮೇಲೆ ಅಂಚಿಗೆ ಚಾಕು ಆಡಿಸಿ, ಜಾಲರಿಯ ಮೇಲೆ ಬೋರಲು ಹಾಕಿ. ಟಿನ್ನಿನಲ್ಲೇ ಬಿಟ್ಟರೆ ತಳ ಬೆವರುತ್ತದೆ. ಒಂದು ಗಂಟೆಯಾದರೂ ತಣಿಯದೆ ಕತ್ತರಿಸಿದರೆ ಚಾಕುವಿಗೆ ಅಂಟಿ ಮುದ್ದೆಯಾಗುತ್ತದೆ, ಬೆಂದಿಲ್ಲವೇನೋ ಎಂಬ ಅನುಮಾನವೂ ಬರುತ್ತದೆ.

ಮೇಲೆ ಏನೂ ಹಚ್ಚದಿದ್ದರೂ ನಡೆಯುತ್ತದೆ. ಹಚ್ಚಲೇಬೇಕೆಂದರೆ 100 ಗ್ರಾಂ ಹಾಲಿಲ್ಲದ ಡಾರ್ಕ್ ಚಾಕೊಲೆಟನ್ನು ಸಣ್ಣಗೆ ಹೆಚ್ಚಿ, ಮೊದಲ ಹಿಂಡಿನ ಗಟ್ಟಿ ತೆಂಗಿನಹಾಲು 70 ಮಿ.ಲೀ. ಅನ್ನು ಅಂಚಿನಲ್ಲಿ ಗುಳ್ಳೆ ಬರುವವರೆಗೆ ಮಾತ್ರ ಬಿಸಿ ಮಾಡಿ ಅದರ ಮೇಲೆ ಸುರಿಯಿರಿ. ಕುದಿಸಿದರೆ ತೆಂಗಿನಹಾಲು ಒಡೆಯುತ್ತದೆ. ಎರಡು ನಿಮಿಷ ಬಿಟ್ಟು ನಡುವಿನಿಂದ ಹೊರಕ್ಕೆ ನಿಧಾನವಾಗಿ ತಿರುಗಿಸಿದರೆ ಹೊಳೆಯುವ ಗನಾಶ್ ಸಿದ್ಧ. ತಣ್ಣಗಾದ ಕೇಕಿಗೆ ಮಾತ್ರ ಹಚ್ಚಿ.

ಏನೂ ಹಚ್ಚದ ಕೇಕ್ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಬೆಂಗಳೂರಿನ ಹವೆಗೆ ಎರಡು ದಿನ ಹೊರಗಿರುತ್ತದೆ. ಕರಾವಳಿಯ ಸೆಕೆಯಲ್ಲಿ ಒಂದೇ ದಿನ, ಆಮೇಲೆ ಫ್ರಿಜ್. ಎಣ್ಣೆ ಗಟ್ಟಿಯಾಗದ ಕಾರಣ ಬೆಣ್ಣೆ ಕೇಕಿನಂತೆ ಇದು ಫ್ರಿಜ್‌ನಲ್ಲಿ ಬಿರುಸಾಗುವುದಿಲ್ಲ, ನಾಲ್ಕೈದು ದಿನ ಮೆತ್ತಗೇ ಇರುತ್ತದೆ. ತೆಂಗಿನಹಾಲಿನ ಗನಾಶ್ ಹಚ್ಚಿದ್ದನ್ನು ಮಾತ್ರ ಮೊದಲಿನಿಂದಲೂ ಫ್ರಿಜ್‌ನಲ್ಲಿಟ್ಟು ಎರಡು ದಿನದೊಳಗೆ ಮುಗಿಸಿ.