ಗುಂಡಿ ಬಿಟ್ಟು ಗುಡ್ಡೆ ಮೇಲೆ ನೆಟ್ಟೆ, ಬೆಣ್ಣೆಹಣ್ಣು ಉಳಿಯಿತು

ಈಗ 7ನೇ ವರ್ಷ. ನೆಟ್ಟ 14 ಬೆಣ್ಣೆಹಣ್ಣಿನ ಮರಗಳಲ್ಲಿ 13 ಗಟ್ಟಿಯಾಗಿ ನಿಂತಿವೆ. ಗುಂಡಿ ತೆಗೆಯಲ್ಲ, ಮಣ್ಣು ಗುಡ್ಡೆ ಹಾಕಿ ಅದರ ಮೇಲೆ ನೆಡುತ್ತೇನೆ ಎಂದಾಗ "ಬಿಸಿಲಿಗೆ ಬೇರು ಒಣಗಿ ಹೋಗುತ್ತೆ" ಅಂದವರೇ ಜಾಸ್ತಿ. ಈಗ ಅವರೇ ಬಂದು ಗುಡ್ಡೆಯ ಅಳತೆ ಕೇಳುತ್ತಾರೆ.

ಮೊದಲ ಸಲ ಎರಡಡಿ ಗುಂಡಿ, ತಳಕ್ಕೆ ಧಾರಾಳ ಗೊಬ್ಬರ, 20 ಕಸಿ ಸಸಿ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹೊಸ ಎಲೆಗಳು ಸಣ್ಣಗಾದವು, ಹಳದಿಯಾದವು, ರೆಂಬೆಗಳು ತುದಿಯಿಂದ ಒಣಗಿದವು. ನೀರು ಸಾಲದೇನೋ ಎಂದು ಇನ್ನಷ್ಟು ಬಿಟ್ಟೆ. ದೊಡ್ಡ ತಪ್ಪು ಅದೇ. ಕಿತ್ತು ನೋಡಿದರೆ ಸಣ್ಣ ಬೇರೆಲ್ಲ ಕಪ್ಪು, ಮುಟ್ಟಿದರೆ ಮುರಿಯುತ್ತಿತ್ತು. ಫೈಟಾಫ್ತೊರಾ, ಒದ್ದೆ ಮಣ್ಣಲ್ಲಿ ಬೇರು ಕೊಳೆಸುವ ರೋಗಾಣು. 17 ಹೋದವು. ಮುಂದಿನ ವರ್ಷ ಅದೇ ಗುಂಡಿಗಳಿಗೆ ಔಷಧಿ ಹಾಕಿ 12 ನೆಟ್ಟೆ. ಸಸಿಗಿಂತ ಔಷಧಿಗೇ ಹೆಚ್ಚು ದುಡ್ಡು ಹೋಯಿತು, ಉಳಿದದ್ದು ಎರಡು. ಬೆಣ್ಣೆಹಣ್ಣಿನ ಹಾಸ್ ತಳಿಯ ತಾಯಿಮರವೂ 2002ರಲ್ಲಿ ಬೇರುಕೊಳೆಯಿಂದಲೇ ಸತ್ತಿತು ಎಂದು ಓದಿದ ಮೇಲೆ ಔಷಧಿಯ ಆಸೆ ಬಿಟ್ಟೆ.

ಮೂರನೇ ಸಲ ಮೇಲ್ಮಣ್ಣನ್ನೇ ಎಳೆದು ಸುಮಾರು ಒಂದೂವರೆ ಅಡಿ ಎತ್ತರ, ಐದಡಿ ಅಗಲದ ಗುಡ್ಡೆ ಮಾಡಿದೆ. ಬುಡಕ್ಕೆ ಗೊಬ್ಬರ ಇಲ್ಲವೇ ಇಲ್ಲ. ಮೇಲೆ ಅರ್ಧ ಅಡಿ ಮರದ ಚೂರು, ತರಗೆಲೆ. ಕಾಂಡದಿಂದ ಒಂದು ಗೇಣು ದೂರ ಬಿಡಲೇಬೇಕು. ಈ ಮರದ ಆಹಾರ ಎಳೆಯುವ ಬೇರು ಮೇಲ್ಮಣ್ಣಿನಲ್ಲೇ ಓಡಾಡುತ್ತದೆ ಅಲ್ವಾ, ಈಗ ಹೊದಿಕೆ ಸರಿಸಿದರೆ ಬೆಳ್ಳನೆಯ ಬೇರು ಅದರೊಳಗೇ ಹಬ್ಬಿರುತ್ತದೆ. ಮೊದಲ ಬಾರಿ ಕಂಡಾಗ ಮನೆಯವರನ್ನೆಲ್ಲ ಕರೆದು ತೋರಿಸಿದೆ. ಮರದ ಚೂರಿನ ಜೊತೆ ಇನ್ನೊಂದು ಪದಾರ್ಥ ಬೆರೆಸುತ್ತೇನೆ, ಅದು ನನ್ನ ಹತ್ತಿರವೇ ಇರಲಿ. ಮೂರೂ ಸಲದ ಸಸಿಯ ಖರ್ಚು ಕಳೆದ ವರ್ಷದ ಫಸಲಿನಲ್ಲಿ ವಾಪಸ್ ಬಂತು.

ನಡುವೆ ಇನ್ನೊಂದು ಪ್ರಯೋಗ. ಹಾಸ್ ಹೂ ಮೊದಲ ದಿನ ಬೆಳಿಗ್ಗೆ ಹೆಣ್ಣಾಗಿ, ಮಾರನೇ ದಿನ ಮಧ್ಯಾಹ್ನ ಗಂಡಾಗಿ ಅರಳುತ್ತದೆ. ಇನ್ನೊಂದು ತಳಿ ಫ್ಯುಯರ್ಟೆ ಮೊದಲ ಮಧ್ಯಾಹ್ನ ಹೆಣ್ಣು, ಮರುಬೆಳಿಗ್ಗೆ ಗಂಡು. ಒಂದರ ಹೆಣ್ಣು ಹೂವಿನ ಹೊತ್ತಿಗೆ ಇನ್ನೊಂದರ ಪರಾಗ ಸಿಗಲಿ ಎಂದು ಒಂದು ಹಾಸ್ ಮರದ ರೆಂಬೆಗೆ ಫ್ಯುಯರ್ಟೆ ಕಡ್ಡಿ ಕಸಿ ಕಟ್ಟಿದೆ. ಅಕ್ಕಪಕ್ಕದ ಮರಗಳಲ್ಲಿ 50-60 ಕಾಯಿ, ಅದರಲ್ಲಿ 90ರ ಹತ್ತಿರ! ಆದರೆ ಮರುವರ್ಷ ಆ ಮರ ಸುಮ್ನೆ ನಿಂತಿತು, 20 ಕಾಯಿಯೂ ಬರಲಿಲ್ಲ. ಒಂದು ವರ್ಷ ಜಾಸ್ತಿ ಹೊತ್ತರೆ ಮರುವರ್ಷ ಕೈಕೊಡುವುದು ಈ ಮರದ ಗುಣವೇ. ಮರದ ಹೊರೆ ಇಳಿಯಲಿ ಎಂದು ಈ ಸಲ ಕಾಯಿ ಬೇಗ ಕೊಯ್ದು ನೋಡುತ್ತಿದ್ದೇನೆ. ಹೇಗೂ ಇದು ಮರದಲ್ಲಿ ಹಣ್ಣಾಗುವುದಿಲ್ಲ.

14ರಲ್ಲಿ ಸತ್ತುಹೋದ ಆ ಒಂದು ಮರದ ಗುಡ್ಡೆ ಕುಸಿದಿತ್ತು, ನಾನು ಗಮನಿಸಲಿಲ್ಲ. ಬುಡದಲ್ಲಿ ಮೂರ್ನಾಲ್ಕು ದಿನ ನೀರು ನಿಂತಿತು. ಈಗ ಮಳೆಗೆ ಮುಂಚೆ ಪ್ರತಿ ಗುಡ್ಡೆಗೂ ಎರಡೆರಡು ಬುಟ್ಟಿ ಮಣ್ಣು ಅಂಚಿಗೆ ಏರಿಸುತ್ತೇನೆ, ಕಾಂಡಕ್ಕೆ ತಾಗಿಸದೆ.