ಪಡುಕರೆಯ ಉಪ್ಪುಗಾಳಿ ಮತ್ತು ಒಂದು ಬಕೆಟ್ ಎಸಿ ನೀರು

ಉಡುಪಿಯ ಕಡಲ ಬದಿಯ ಮಲ್ಪೆ, ಪಡುಕರೆ, ಕಾಪು ಕಡೆ ಎಸಿ ಕೆಲಸ ಮಾಡುವವರಿಗೆ ನಾನು ಶುರುವಿನಿಂದ ಹೇಳಬೇಕಾಗಿಲ್ಲ. ಎರಡನೇ ಬೇಸಿಗೆಗೆ ಔಟ್‌ಡೋರ್‌ನ, ಅಂದರೆ ಹೊರಗಿನ ಪೆಟ್ಟಿಗೆಯ ಫಿನ್ (ತೆಳು ಅಲ್ಯೂಮಿನಿಯಂ ಎಲೆಗಳು) ಮುಟ್ಟಿದರೆ ಬಿಳಿ ಪುಡಿಯಾಗಿ ಉದುರುತ್ತದೆ. ಮೂರನೇ ಬೇಸಿಗೆಗೆ ಗ್ಯಾಸ್ ಸೋರಿ ಖಾಲಿ. ನಾವು ಹೋಗುತ್ತೇವೆ, ತುಂಬಿಸುತ್ತೇವೆ, ಎರಡೂವರೆ ಮೂರು ಸಾವಿರ ಜೇಬಿಗೆ ಹಾಕಿಕೊಂಡು ಬರುತ್ತೇವೆ. ಮುಂದಿನ ಮಾರ್ಚಿಗೆ ಮತ್ತೆ ಅದೇ ಮನೆಯಿಂದ ಫೋನ್. ನಾನೂ ಎಷ್ಟೋ ವರ್ಷ ಹೀಗೇ ಹೊಟ್ಟೆ ಹೊರೆದವನು, ಮುಚ್ಚಿಡುವುದೇನು.

ಈಗ ಪಡುಕರೆಯಲ್ಲಿ ಒಂದು ಮನೆ ಇದೆ. ಮಲಗಿದರೆ ಅಲೆಯ ಸದ್ದು ಕೇಳುತ್ತದೆ, ಅಷ್ಟು ಹತ್ತಿರ. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಹೊಳೆ, ಎರಡೂ ಕಡೆಯಿಂದ ಉಪ್ಪು. ಅಲ್ಲಿ ನಾನು ಹಾಕಿದ ಒಂದೂವರೆ ಟನ್ ಎಸಿ ಆರನೇ ಬೇಸಿಗೆ ದಾಟಿದೆ. ಒಂದು ಸಲವೂ ಗ್ಯಾಸ್ ಹಾಕಿಲ್ಲ. ಅದರ ಔಟ್‌ಡೋರ್ ಕಾಯಿಲ್‌ಗೆ, ಅಂದರೆ ಫಿನ್ ಹೊದ್ದ ತಾಮ್ರದ ಕೊಳವೆಗಳಿಗೆ, ಉಪ್ಪು ತಾಗದ ಹಾಗೆ ಲೇಪ ಹಾಕಿದ್ದೆ. ಹಾಗೆ ನಡೆಯುತ್ತಿರುವ ಮನೆಗಳು ಈಗ ಮೂವತ್ತೈದು ನಲವತ್ತು ಇರಬಹುದು. "ಕಾಯಿಲ್‌ಗೆ ಪೇಂಟ್ ಹೊಡೆದ್ರೆ ಕೂಲಿಂಗ್ ಎಲ್ಲಿಂದ ಬರ್ತದೆ ಮಾರಾಯ" ಎಂದು ನಕ್ಕವರೇ ಈಗ ರಾತ್ರಿ ಫೋನ್ ಮಾಡಿ, ಏನು ಹಾಕ್ತೀರಿ ಅಂತ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಲೇಪದ ಐಡಿಯಾ ನನ್ನದಲ್ಲ. ಎಂಟು ವರ್ಷ ಸೌದಿಯ ದಮ್ಮಾಮ್‌ನಲ್ಲಿದ್ದೆ. ಅಲ್ಲಿ ಕಡಲ ಬದಿಯ ಕಟ್ಟಡಗಳ ದೊಡ್ಡ ಯೂನಿಟ್‌ಗಳಿಗೆ ಎಪಾಕ್ಸಿ (ಒಣಗಿದರೆ ಗಟ್ಟಿಯಾಗುವ ರಾಳ) ಲೇಪ ಹಾಕಿದ ಕಾಯಿಲ್ ಬರುತ್ತಿತ್ತು. ಊರಿಗೆ ಬಂದ ಮೇಲೆ ನಾನೇ ಮಾಡಿ ನೋಡೋಣ ಅನ್ನಿಸಿತು. ಬೋಟ್ ಯಾರ್ಡಿನಲ್ಲಿ ಫೈಬರ್ ಕೆಲಸದ ಗೆಳೆಯನೊಬ್ಬನಿದ್ದ. ಜೂನ್, ಜುಲೈ ಎರಡು ತಿಂಗಳು ಮೀನುಗಾರಿಕೆಗೆ ರಜೆ, ಬೋಟುಗಳೆಲ್ಲ ದಡದಲ್ಲಿ. ಅವನ ಹತ್ತಿರ ಉಳಿದ ಎಪಾಕ್ಸಿ ತಂದು ಒಂದು ಕಾಯಿಲ್‌ಗೆ ಚೆನ್ನಾಗಿ ಬಳಿದೆ. ಚೆನ್ನಾಗಿ ಅಂದರೆ ಜಾಸ್ತಿ. ಫಿನ್ ಸಂದುಗಳೆಲ್ಲ ಜೇನುಗೂಡಿನ ಹಾಗೆ ಮುಚ್ಚಿಹೋದವು. ಗಾಳಿ ಹೋಗದೆ, ಏಳು ಆಂಪಿಯರ್ ಕರೆಂಟ್ ಎಳೆಯುತ್ತಿದ್ದ ಮೆಷಿನ್ ಒಂಬತ್ತೂವರೆಗೆ ಹೋಯಿತು. ಮಧ್ಯಾಹ್ನ ಟ್ರಿಪ್, ಸಂಜೆ ಟ್ರಿಪ್. ತಿಂಗಳೊಳಗೆ ಕಂಪ್ರೆಸರ್ ಸತ್ತಿತು. ಹದಿನಾಲ್ಕು ಸಾವಿರ ನನ್ನ ಕೈಯಿಂದ ಹೋಯಿತು. ನಕ್ಕವರಿಗೆ ಆ ಕಥೆ ವರ್ಷಗಟ್ಟಲೆ ನಗಲು ಸಾಕಾಯಿತು.

ಎರಡನೇ ಸಲ ತೆಳುವಾಗಿ ಹಾಕಿದೆ. ಆದರೆ ಎರಡು ವರ್ಷ ಓಡಿದ ಹಳೇ ಕಾಯಿಲ್ ಮೇಲೆ. ತೊಳೆದೇ ಹಾಕಿದ್ದೆ, ಆದರೂ ಸಂದಿಯಲ್ಲಿ ಉಪ್ಪು ಉಳಿದಿತ್ತು. ಮಳೆಗಾಲ ಕಳೆಯುವಷ್ಟರಲ್ಲಿ ಲೇಪ ದೋಸೆಯ ಹಾಗೆ ಗುಳ್ಳೆ ಎದ್ದಿತು, ಕೆಳಗಿನ ಅಲ್ಯೂಮಿನಿಯಂ ತಿಂದುಹೋಗಿತ್ತು. ಲೇಪವಿಲ್ಲದಿದ್ದರೆ ಇನ್ನೊಂದು ವರ್ಷ ಬಾಳುತ್ತಿತ್ತೋ ಏನೋ. ಅವತ್ತಿನಿಂದ ಹಳೇ ಕಾಯಿಲ್ ಮುಟ್ಟುವುದಿಲ್ಲ. ಹೊಸ ಯೂನಿಟ್ ಬಾಕ್ಸ್‌ನಿಂದ ತೆಗೆದ ದಿನವೇ, ಗೋಡೆಗೆ ಏರುವ ಮೊದಲೇ ಹಾಕುತ್ತೇನೆ. ಇಲ್ಲದಿದ್ದರೆ ಇಲ್ಲ. ಲೇಪ ಹಾಕಿದರೆ ಕಂಪನಿ ವಾರಂಟಿ ಸಿಗದೇ ಹೋಗಬಹುದು ಎಂದು ಮೊದಲೇ ಮಾಲೀಕರಿಗೆ ಬಾಯಿಬಿಟ್ಟು ಹೇಳಿಬಿಡುತ್ತೇನೆ. ಒಪ್ಪದವರ ಮನೆಯಲ್ಲಿ ಹಾಕುವುದಿಲ್ಲ.

ಎರಡು ತೆಳು ಕೋಟ್, ಮಧ್ಯೆ ಒಣಗಲು ಬಿಡಬೇಕು. ಕೊಳವೆ ತಿರುಗುವ ಯು ಬೆಂಡ್‌ಗಳಿಗೆ, ಬೆಸುಗೆಯ ಬ್ರೇಜಿಂಗ್ ಜಾಯಿಂಟ್‌ಗಳಿಗೆ, ತಾಮ್ರ ಅಲ್ಯೂಮಿನಿಯಂಗೆ ತಾಗುವ ಜಾಗಗಳಿಗೆ ಬ್ರಶ್‌ನಲ್ಲಿ ಇನ್ನೊಂದು ಕೈ. ಲೀಕ್ ಹೆಚ್ಚಾಗಿ ಶುರುವಾಗುವುದು ಅಲ್ಲಿಂದಲೇ ಅಲ್ವಾ. ತಿನ್ನರ್ ಎಷ್ಟಕ್ಕೆ ಎಷ್ಟು, ಯಾವ ಸ್ಪ್ರೇ ಗನ್, ಎಷ್ಟು ಗಾಳಿ, ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ನನ್ನ ಮಗಳ ಕಾಲೇಜ್ ಫೀಸ್ ಇನ್ನೂ ಎರಡು ವರ್ಷ ಬಾಕಿ ಇದೆ.

ಲೇಪ ಅರ್ಧ ಕೆಲಸ ಅಷ್ಟೇ. ಇನ್ನರ್ಧ ಗೊತ್ತಾಗಿದ್ದು ಸುಮ್ನೆ ಒಂದು ಮನೆಯ ಮುಂದೆ ನಿಂತಿದ್ದಾಗ. ಆ ಮನೆಯಲ್ಲಿ ಎರಡು ಔಟ್‌ಡೋರ್, ಒಂದೇ ದಿನ ಹಾಕಿದ್ದು. ಒಂದು ಬಯಲು ಗೋಡೆಯಲ್ಲಿ ಮಳೆಗೆ ನೆನೆಯುತ್ತ ಇತ್ತು. ಇನ್ನೊಂದಕ್ಕೆ ಮಾಲೀಕರು ಪ್ರೀತಿಯಿಂದ ಶೀಟಿನ ಮಾಡು ಮಾಡಿಸಿದ್ದರು. ಮೊದಲು ಸತ್ತಿದ್ದು ಮಾಡಿನ ಕೆಳಗಿನದು! ಬಯಲಿನದಕ್ಕೆ ಮಳೆಗಾಲ ಪೂರ್ತಿ ಸಿಹಿನೀರಿನ ಸ್ನಾನ, ಮಾಡಿನ ಕೆಳಗಿನದಕ್ಕೆ ಬರೀ ಉಪ್ಪುಗಾಳಿ. ಉಪ್ಪು ಕೂತಲ್ಲೇ ಕೂತು ತೇವ ಹೀರಿಕೊಂಡು ತಿನ್ನುತ್ತಿತ್ತು.

ಹಾಗಾದರೆ ಮಳೆ ಇಲ್ಲದಾಗಲೂ ತೊಳೆಯಬೇಕು ಅಂತಾಯಿತು. ಲೇಪ ಹಾಕಿದ ಮನೆಯವರಿಗೆಲ್ಲ ಹೇಳಿದೆ: ಅಕ್ಟೋಬರ್‌ನಿಂದ ಮೇ ತನಕ ಹದಿನೈದು ದಿನಕ್ಕೊಮ್ಮೆ ಎಸಿಯ ಎಂಸಿಬಿ ಸ್ವಿಚ್ ಇಳಿಸಿ ಔಟ್‌ಡೋರ್‌ಗೆ ನೀರು ಹಾಕಿ. ಒಬ್ಬರು ತಪ್ಪದೆ ಮಾಡಿದರು. ಮೇ ಕೊನೆಗೆ ನೋಡಿದರೆ ಎಲ್ಲರಿಗಿಂತ ಅವರ ಯೂನಿಟ್ ಹಾಳು. ಸ್ಟ್ಯಾಂಡಿನ ಬೋಲ್ಟ್ ಸ್ಪ್ಯಾನರ್ ಇಟ್ಟರೆ ಪುಡಿ. ತಲೆಯೇ ಓಡಲಿಲ್ಲ. ಕುಡಿಯಲು ನೀರು ಕೇಳಿದೆ, ಬಾಟಲಿ ತಂದುಕೊಟ್ಟರು. ಬಾವಿ ಇದೆಯಲ್ಲ ಅಂದೆ. "ಏಪ್ರಿಲ್‌ನಲ್ಲಿ ಬಾವಿ ನೀರು ಬಾಯಿಗಿಡಕ್ಕಾಗಲ್ಲ, ಉಪ್ಪು" ಅಂದರು. ಪಾಪ, ಉಪ್ಪನ್ನು ಉಪ್ಪು ನೀರಲ್ಲೇ ತೊಳೆಯುತ್ತಿದ್ದರು. ಇದೇ ಊರಲ್ಲಿ ಹುಟ್ಟಿ ಬೆಳೆದ ನನಗೆ ಇದು ಹೊಳೆಯಬೇಡವೇ!

ಟ್ಯಾಂಕರ್ ನೀರು ತರಿಸಿ ಎಸಿ ತೊಳೆಯಿರಿ ಎಂದರೆ ಯಾರು ಕೇಳುತ್ತಾರೆ. ಅದೇ ಹೊತ್ತಿಗೆ ಆ ಮನೆಯ ಡ್ರೈನ್ ಪೈಪ್ ತೊಟ್ಟಿಕ್ಕುತ್ತಿದ್ದುದು ಕಣ್ಣಿಗೆ ಬಿತ್ತು. ಗಾಳಿಯಿಂದ ಇಳಿದ ನೀರು, ಅದರಲ್ಲಿ ಉಪ್ಪೆಲ್ಲಿಂದ ಬರಬೇಕು. ಫಿಲ್ಟರ್ ಮಾರುವ ಹುಡುಗನ ಹತ್ತಿರ, ನೀರಲ್ಲಿ ಕರಗಿದ ಉಪ್ಪು ಅಳೆಯುವ ಟಿಡಿಎಸ್ ಮೀಟರ್ ಇಸ್ಕೊಂಡು ನೋಡಿದೆ. ನೆನಪಿನ ಪ್ರಕಾರ ಬಾವಿ ನೀರು ಎರಡು ಸಾವಿರದ ಮೇಲೆ, ಡ್ರೈನ್ ನೀರು ಮೂವತ್ತರ ಹತ್ತಿರ. ನಮ್ಮ ಸೆಕೆಗೆ ಒಂದು ರಾತ್ರಿ ಎಸಿ ಓಡಿದರೆ ಹೆಚ್ಚುಕಮ್ಮಿ ಒಂದು ಬಕೆಟ್ ಸಿಗುತ್ತದೆ. ಎರಡು ರಾತ್ರಿಯ ನೀರು ಹಿಡಿದಿಟ್ಟರೆ ಒಂದು ತೊಳೆತಕ್ಕೆ ಸಾಕು. ಖರ್ಚು ಒಂದು ಬಕೆಟ್, ಒಂದು ಮುಚ್ಚಳ. ಮುಚ್ಚಳ ಮರೆಯಬೇಡಿ, ಸೊಳ್ಳೆ.

ನೀರು ಹಾಕಲು ತೋಟದ ಕೈಪಂಪ್ ಒಳ್ಳೆಯದು, ಒತ್ತಡ ಕಡಿಮೆ. ಕಾರ್ ತೊಳೆಯುವ ಪ್ರೆಶರ್ ವಾಷರ್ ತಂದು ಒಂದು ಯೂನಿಟ್‌ನ ಫಿನ್ ಎಲ್ಲ ಚಾಪೆಯ ಹಾಗೆ ಮಲಗಿಸಿದ್ದೇನೆ. ಬಾಚಣಿಗೆ ಹಿಡಿದು ಒಂದು ಇಡೀ ದಿನ ಎಬ್ಬಿಸಿದೆ. ಕೈಪಂಪ್ ಹೊಸದೇ ಇರಲಿ. ಹಿರಿಯಡ್ಕ ಕಡೆ ಅಡಿಕೆ ತೋಟ ಇದ್ದವರೊಬ್ಬರು ಅಡಿಕೆಗೆ ಬೋರ್ಡೋ ಔಷಧಿ ಹೊಡೆದ ಪಂಪನ್ನೇ ಕಡಲ ಬದಿಯ ಮನೆಗೆ ತಂದಿದ್ದರು. ಆ ಔಷಧಿಯ ಮೈಲುತುತ್ತದಲ್ಲಿರುವ ತಾಮ್ರಕ್ಕೂ ಅಲ್ಯೂಮಿನಿಯಂಗೂ ಆಗಿಬರುವುದಿಲ್ಲ. ಲೇಪ ಗೀಚಿದ್ದ ಜಾಗದಲ್ಲೆಲ್ಲ ಚುಕ್ಕಿ ಚುಕ್ಕಿ ತೂತು.

ನನ್ನ ಬೇರೆ ಹುಚ್ಚಾಟಗಳೂ ಇವೆ. ಬೋಟಿನ ಪ್ರೊಪೆಲ್ಲರ್ ಹತ್ತಿರ ಸತುವಿನ ಗಟ್ಟಿ ಕಟ್ಟುತ್ತಾರಲ್ಲ, ತುಕ್ಕನ್ನು ತಾನು ತಿಂದು ಉಳಿದದ್ದನ್ನು ಕಾಯಲು, ಅದನ್ನು ಔಟ್‌ಡೋರ್‌ಗೆ ಬೋಲ್ಟ್ ಮಾಡಿದೆ. ಒಂದು ವರ್ಷ ಕಳೆದರೂ ಸತು ಹೊಸದರ ಹಾಗೇ ಇತ್ತು, ಪಕ್ಕದ ಫಿನ್ ಉದುರಿತ್ತು. ಬೋಟು ನೀರಲ್ಲಿ ಮುಳುಗಿರುತ್ತದೆ, ಎಸಿ ಮುಳುಗಿರುವುದಿಲ್ಲ, ಅಷ್ಟೇ ಕಾರಣ.

ಇನ್ನೊಂದು ನನ್ನ ಮನೆಯಲ್ಲೇ. ಕಂಪ್ರೆಸರ್‌ನಿಂದ ಬಿಸಿ ಗ್ಯಾಸ್ ಹೊರಡುವ ಡಿಸ್ಚಾರ್ಜ್ ಪೈಪಿಗೆ ತಾಮ್ರದ ಸುರುಳಿ ಸುತ್ತಿ, ಹೊರಗೆ ಹೋಗುವ ಬಿಸಿಯಲ್ಲಿ ಸ್ನಾನದ ನೀರು ಕಾಯಿಸಿದೆ. ಮೂವತ್ತು ಲೀಟರ್, ಬೆಳಗ್ಗೆ ನಲವತ್ತೈದು ಡಿಗ್ರಿ ಹತ್ತಿರ. ಆರು ಸಾವಿರ ಖರ್ಚು ಮಾಡಿ ಎದೆಯುಬ್ಬಿಸಿ ಓಡಾಡಿದೆ. ಆಮೇಲೆ ಮಳೆಗಾಲ ಬಂತು. ಬಿಸಿನೀರು ಬೇಕಾದಾಗ ಎಸಿ ಬೇಡ, ಎಸಿ ಬೇಕಾದಾಗ ಬಿಸಿನೀರು ಬೇಡ. ಹೆಂಡತಿ ಏನೂ ಹೇಳದೆ ಹಂಡೆಗೆ ಬೆಂಕಿ ಹಾಕಿದಳು. ತೆಂಗಿನ ಸಿಪ್ಪೆ ಹೇಗೂ ರಾಶಿ ಬಿದ್ದಿರುತ್ತದೆ.

ದುಡ್ಡಿನ ಮಾತು. ಲೇಪಕ್ಕೆ ಮೂರೂವರೆ ಸಾವಿರ ತೆಗೆದುಕೊಳ್ಳುತ್ತೇನೆ, ಸಾಮಾನು ಸಾವಿರದ ನೂರರಷ್ಟು, ಅರ್ಧ ದಿನ ಕೆಲಸ. ಕಾಯಿಲ್ ಬದಲಿಸಿದರೆ ಗ್ಯಾಸ್ ಸೇರಿ ಹದಿನಾಲ್ಕು ಹದಿನೈದು ಸಾವಿರ ಆಗುತ್ತದೆ. ಕರೆಂಟ್ ಬಿಲ್ ಅರ್ಧವಾಗುತ್ತದೆ ಅಂತೆಲ್ಲ ಸುಳ್ಳು ಹೇಳುವುದಿಲ್ಲ. ಆದರೆ ತೊಳೆಯುವ ಮೊದಲು 7.8 ಇದ್ದ ಆಂಪಿಯರ್ ತೊಳೆದ ಮೇಲೆ 6.7ಕ್ಕೆ ಇಳಿದಿದ್ದನ್ನು ಕ್ಲಾಂಪ್ ಮೀಟರ್ ಹಿಡಿದು ಮಾಲೀಕರಿಗೇ ತೋರಿಸಿದ್ದೇನೆ. ನಿಮ್ಮ ವ್ಯಾಪಾರ ನೀವೇ ಹಾಳು ಮಾಡಿಕೊಂಡಿರಿ ಎಂದು ಅಂಗಡಿಯವರೊಬ್ಬರು ಬೈದರು. ಗ್ಯಾಸ್ ತುಂಬಿಸುವ ಕೆಲಸ ಕಮ್ಮಿಯಾಗಿದ್ದು ನಿಜ. ಹೊಸದು ಹಾಕುವುದು ಮಾತ್ರ ಎರಡರಷ್ಟಾಗಿದೆ, ಒಂದು ಮನೆಯವರು ಪಕ್ಕದ ಮನೆಯವರಿಗೆ ಹೇಳುತ್ತಾರೆ.

ಎಸಿಯ ಎಲೆಕ್ಟ್ರಾನಿಕ್ ಬೋರ್ಡ್, ಪಿಸಿಬಿಯದ್ದು ಬೇರೆಯೇ ಕಥೆ. ಅಲ್ಲಿ ಉಪ್ಪಿಗಿಂತ ಹಲ್ಲಿಯ ಕಾಟ ಜಾಸ್ತಿ. ಅದಕ್ಕೂ ಒಂದು ಉಪಾಯ ಇದೆ, ಇನ್ನೊಂದು ದಿನ ನೋಡೋಣ.

ಇನ್ನೂ ಕೈಗೆ ಸಿಗದಿರುವುದು ಔಟ್‌ಡೋರ್‌ನ ತಳದ ಟ್ರೇ. ಕಾಯಿಲ್ ಆರು ವರ್ಷ ಗಟ್ಟಿ ಇದ್ದರೂ ಕೆಳಗಿನ ತಗಡು ನಾಲ್ಕಕ್ಕೇ ಜಾಳು ಜಾಳು, ಕಂಪ್ರೆಸರ್ ಕಾಲು ಅಲ್ಲಾಡಲು ಶುರು. ಬೋಟ್ ಯಾರ್ಡಿನ ಅದೇ ಗೆಳೆಯನಿಗೆ ಫೈಬರ್‌ನಲ್ಲಿ ಒಂದು ಟ್ರೇ ಅಚ್ಚು ಹಾಕಿಕೊಡು ಎಂದಿದ್ದೇನೆ. ಬೋಟುಗಳೆಲ್ಲ ಕಡಲಿಗೆ ಇಳಿದ ಮೇಲೆ, ಚೌತಿ ಹೊತ್ತಿಗೆ ಪುರುಸೊತ್ತು ಅಂದಿದ್ದಾನೆ. ಮೊದಲನೆಯದನ್ನು ನನ್ನ ಮನೆಯ ಎಸಿಗೇ ಹಾಕುತ್ತೇನೆ.