ಲೇಕ್ ವೈಟ್‌ಫಿಶ್‌ಗೆ ಬಿಸಿ ಹೊಗೆ ಕೊಡುವ ಬಗೆ

ಉತ್ತರ ಅಮೆರಿಕದ ಮಹಾಸರೋವರಗಳಲ್ಲೂ ಕೆನಡಾದ ತಣ್ಣನೆಯ ಕೆರೆಗಳಲ್ಲೂ ಸಿಗುವ ಲೇಕ್ ವೈಟ್‌ಫಿಶ್ ಸಾಲ್ಮನ್ ಬಳಗದ್ದು. ಮೈಯಲ್ಲಿ ಕೊಬ್ಬು ಚೆನ್ನಾಗಿರುವುದರಿಂದ ಹೊಗೆಯಲ್ಲಿ ಬೆಂದರೂ ನಾರಾಗುವುದಿಲ್ಲ. ಆದರೆ ಆ ಕೊಬ್ಬಿಗೇ ಬೇಗ ಕಮಟು ಹಿಡಿಯುತ್ತದೆ. ಹಿಡಿದ ಕೂಡಲೇ ಮಂಜುಗಡ್ಡೆಯಲ್ಲಿಡಿ. ಕಿವಿರು, ಕರುಳು ತೆಗೆದ ಮೇಲೆ ಬೆನ್ನುಮೂಳೆಗೆ ಅಂಟಿರುವ ಕಪ್ಪುಗೆಂಪು ರಕ್ತದ ಗೆರೆಯನ್ನು ಚಮಚದಿಂದ ಕೆರೆದು ತೊಳೆಯಿರಿ, ಉಳಿದರೆ ಕಹಿ. ಚರ್ಮ ಸುಲಿಯಬೇಡಿ. ಮಾಂಸ ಬಹಳ ಮೃದು, ಜಾಲರಿಯಿಂದ ಎತ್ತುವಾಗ ಉದುರಿಹೋಗುತ್ತದೆ.

ಒಂದು ಲೀಟರ್ ತಣ್ಣೀರಿಗೆ 175 ಗ್ರಾಂ ಅಯೋಡಿನ್ ಇಲ್ಲದ ಉಪ್ಪು ಕರಗಿಸಿ, ಮೀನಿನ ಹೋಳುಗಳನ್ನು ಅದರಲ್ಲಿ ನೆನೆಸಿ. ಒಂದಂಗುಲ ದಪ್ಪದ ಹೋಳಿಗೆ ಒಂದು ಗಂಟೆ, ಅರ್ಧ ಅಂಗುಲದ್ದಕ್ಕೆ ಅರ್ಧ ಗಂಟೆ, ಫ್ರಿಜ್ಜಿನಲ್ಲೇ. ದಪ್ಪ, ತೆಳು ಎರಡನ್ನೂ ಒಟ್ಟಿಗೆ ನೆನೆಸಿದರೆ ಬಾಲದ ಕಡೆಯ ಹೋಳು ಉಪ್ಪುಪ್ಪಾಗುತ್ತದೆ.

ಹೆಚ್ಚಿನವರು ಕೆಡಿಸಿಕೊಳ್ಳುವುದು ಇದರ ಮುಂದಿನ ಹಂತದಲ್ಲಿ. ತೊಳೆದು ಒರೆಸಿದ ಹೋಳುಗಳನ್ನು ಚರ್ಮ ಕೆಳಗಾಗುವಂತೆ ಎಣ್ಣೆ ಸವರಿದ ಜಾಲರಿಯ ಮೇಲೆ ಹರಡಿ, ತಂಪಾದ ಜಾಗದಲ್ಲಿ ಫ್ಯಾನಿನ ಗಾಳಿಗೆ ಒಂದೆರಡು ಗಂಟೆ ಬಿಡಿ. ಮೇಲ್ಮೈ ಹೊಳಪು ಬಂದು ಬೆರಳಿಗೆ ಲಘುವಾಗಿ ಅಂಟಬೇಕು. ಒದ್ದೆ ಮೀನಿಗೆ ಹೊಗೆ ಸರಿಯಾಗಿ ಹಿಡಿಯುವುದಿಲ್ಲ, ಕಾವು ತಾಗಿದೊಡನೆ ಬಿಳಿ ಗಸಿಯಂತೆ ಪ್ರೋಟೀನ್ ಉಕ್ಕಿ ಬರುತ್ತದೆ. ಕಾವನ್ನು ಒಮ್ಮೆಲೇ ಏರಿಸಿದರೂ ಹೀಗೆಯೇ.

ಸೌದೆಗೆ ಆಲ್ಡರ್, ಮೇಪಲ್, ಸೇಬಿನ ಮರ ಒಳ್ಳೆಯವು. ಪೈನ್ ಬೇಡವೇ ಬೇಡ, ಅದರ ರಾಳದ ಹೊಗೆ ಕಹಿ. ಮೊದಲು ಸಣ್ಣ ಕಾವಿನಲ್ಲಿ ಒಂದೆರಡು ಗಂಟೆ ಹೊಗೆ ಕೊಟ್ಟು, ಆಮೇಲೆ ಹೊಗೆಗೂಡನ್ನು ಸುಮಾರು 105 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿ. ಅತಿ ದಪ್ಪ ಹೋಳಿನ ನಡುವಿಗೆ ಥರ್ಮಾಮೀಟರ್ ಚುಚ್ಚಿ ನೋಡಿ: 71 ಡಿಗ್ರಿ ಮುಟ್ಟಿ ಅರ್ಧ ಗಂಟೆ ಅಲ್ಲೇ ನಿಲ್ಲಬೇಕು. ಗೂಡು ಅಷ್ಟು ಕಾವು ಏರದಿದ್ದರೆ ಅಡುಗೆಮನೆಯ ಓವನ್‌ನಲ್ಲಿ ಮುಗಿಸಿ, ರುಚಿಗೇನೂ ಕುಂದಿಲ್ಲ. ಹೊಂಬಣ್ಣ ನೋಡಿ ಬೆಂದಿದೆ ಎಂದುಕೊಳ್ಳಬೇಡಿ.

ಈ ಅಳತೆಗಳಲ್ಲಿ ರಾಜಿ ಸಲ್ಲದು. 1963ರಲ್ಲಿ ಮಹಾಸರೋವರಗಳ ಚಬ್ ಎಂಬ ಇದೇ ಬಳಗದ ಮೀನನ್ನು ಹೊಗೆಯಾಡಿಸಿ, ಗಾಳಿ ತೆಗೆದ ಪೊಟ್ಟಣದಲ್ಲಿ ಮಾರಿದಾಗ ರೋಗಾಣುವಿನ ವಿಷದಿಂದ ಬರುವ ಬಾಟ್ಯುಲಿಸಂ ಎಂಬ ಕಾಯಿಲೆಯಿಂದ ಜನ ಸತ್ತರು. ಆ ರೋಗಾಣು ಗಾಳಿಯಿಲ್ಲದೆಡೆ ಬೆಳೆಯುತ್ತದೆ, ಫ್ರಿಜ್ಜಿನ ತಂಪೂ ಅದಕ್ಕೆ ಪೂರಾ ತಡೆಯಲ್ಲ. ಮೀನು ಪೂರ್ತಿ ಆರಿದ ಮೇಲೆ ಕಾಗದದಲ್ಲಿ ಸುತ್ತಿ 3 ಡಿಗ್ರಿಗಿಂತ ಕೆಳಗಿಟ್ಟು ಎರಡು ವಾರದೊಳಗೆ ತಿನ್ನಿ. ಗಾಳಿ ತೆಗೆದು ಪ್ಯಾಕ್ ಮಾಡಿದ್ದು ಫ್ರೀಜರ್‌ಗೆ ಮಾತ್ರ. ಕರಗಿಸುವಾಗ ಪೊಟ್ಟಣ ಬಿಚ್ಚಿ ಫ್ರಿಜ್ಜಿನಲ್ಲಿಡಿ.